ಮೂರು ರಾಜಧಾನಿ, ಎರಡು ದಿನ

ಶಿರಸಿಗೆ ಬರುವ ಪ್ರವಾಸಿಗರು ಮೊದಲು ವಿಚಾರಿಸುವುದು ಜಲಪಾತಗಳ ದಾರಿಯನ್ನು. ಮಾಗೋಡು, ಉಂಚಳ್ಳಿ, ಸಾತೊಡ್ಡಿ, ಕೊನೆಗೆ ಜೋಗ. ಸಮಯ ಮಿಕ್ಕರೆ ಬನವಾಸಿಗೊಂದು ಅರ್ಧ ತಾಸು. ಆದರೆ ಶಿರಸಿಯಿಂದ ಐವತ್ತು ಕಿಲೋಮೀಟರಿನೊಳಗೆ ಬನವಾಸಿ, ಬಿಳಗಿ, ಸೋಂದಾ ಎಂಬ ಮೂರು ಹಳೆಯ ರಾಜಧಾನಿಗಳಿವೆ. ಇಂದು ಮೂರೂ ಸಣ್ಣ ಊರುಗಳೇ. ರಾಜ್ಯ ಹೋದ ಮೇಲೆ ಒಂದು ಊರಿನಲ್ಲಿ ಏನು ಉಳಿಯುತ್ತದೆ ಎಂಬುದನ್ನು ಎರಡು ದಿನಗಳಲ್ಲಿ ಕಣ್ಣಾರೆ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ಸಿಗದು.

ಇಷ್ಟು ಹತ್ತಿರದಲ್ಲಿ ಮೂರು ರಾಜಧಾನಿಗಳು ಏಕೆ? ಕಾರಣ ನೆಲದಲ್ಲೇ ಇದೆ. ಪೂರ್ವಕ್ಕೆ ವರದಾ ನದಿಯ ಬತ್ತದ ಬಯಲು. ನಡುವೆ ಅಡಿಕೆ, ಕಾಳುಮೆಣಸು ಬೆಳೆಯುವ ಮಲೆನಾಡಿನ ಕಣಿವೆಗಳು. ಪಶ್ಚಿಮಕ್ಕೆ ಘಟ್ಟವಿಳಿದರೆ ಕರಾವಳಿಯ ಬಂದರುಗಳು. ಮೆಣಸಿನ ಮೂಟೆ ಹೊತ್ತ ಎತ್ತುಗಳು ಸಾಗುವ ದಾರಿಯನ್ನು ಹಿಡಿದವನಿಗೆ ಸುಂಕದ ಹಣಕ್ಕೆ ಕೊರತೆಯಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಬನವಾಸಿಗೆ ಹೊರಡಬೇಕು. ಶಿರಸಿಯಿಂದ ಸುಮಾರು 23 ಕಿಲೋಮೀಟರ್. ವರದಾ ನದಿ ಊರನ್ನು ಮೂರು ಕಡೆ ಬಳಸಿ ಹರಿಯುತ್ತದೆ. ಪಲ್ಲವರ ಕಂಚಿಗೆ ಓದಲು ಹೋಗಿ, ಅಲ್ಲಿ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಮಯೂರಶರ್ಮ ಸುಮಾರು ಕ್ರಿ.ಶ. 345ರಲ್ಲಿ ಕದಂಬ ರಾಜ್ಯ ಕಟ್ಟಿದ. ಈ ಕಥೆಯನ್ನು ನಮಗೆ ಹೇಳುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನ. ಬನವಾಸಿ ಮಾತ್ರ ಅವನಿಗಿಂತಲೂ ಹಳೆಯದು. ಗ್ರೀಕ್ ಭೂಗೋಳಜ್ಞ ಟಾಲೆಮಿ ಎರಡನೆಯ ಶತಮಾನದಲ್ಲೇ ಅದರ ಹೆಸರು ಬರೆದಿದ್ದಾನೆ.

ಮಧುಕೇಶ್ವರ ದೇವಾಲಯದಲ್ಲಿ ಎರಡು ವಸ್ತುಗಳನ್ನು ತಪ್ಪದೆ ನೋಡಿ. ಒಂದು, ಐದು ಹೆಡೆಯ ನಾಗಶಿಲ್ಪ. ಅದರ ಮೇಲೆ ಚುಟು ವಂಶದ ಸಾತಕರ್ಣಿಯ ಕಾಲದ ಪ್ರಾಕೃತ ಶಾಸನವಿದೆ. ಅರಸುಮನೆತನದ ಹೆಣ್ಣುಮಗಳೊಬ್ಬಳು ನಾಗ, ಕೆರೆ ಮತ್ತು ವಿಹಾರವನ್ನು ದಾನ ಮಾಡಿದ್ದನ್ನು ಹೇಳುವ ಆ ಶಾಸನ, ಕಲ್ಲು ಕಡೆದ ನಾಟಕನೆಂಬ ಶಿಲ್ಪಿಯ ಹೆಸರನ್ನೂ ಉಳಿಸಿದೆ. ಅರಸರ ಅರಮನೆಯ ಗುರುತಿಲ್ಲ, ಕೆಲಸಗಾರನ ಹೆಸರಿದೆ. ಇನ್ನೊಂದು, ಸೂಕ್ಷ್ಮ ಕೆತ್ತನೆಯ ಕಲ್ಲಿನ ಮಂಚ. ಅದು ಕದಂಬರದಲ್ಲ, ಸಾವಿರ ವರ್ಷಗಳ ಅನಂತರ ಸೋದೆಯ ಅರಸರು ಕೊಟ್ಟದ್ದು. ರಾಜಧಾನಿ ಹೋದರೂ ದೇವಾಲಯದಲ್ಲಿ ದೀಪ ಉರಿಯುತ್ತಿತ್ತು ಎಂಬುದಕ್ಕೆ ಆ ಮಂಚವೇ ಸಾಕ್ಷಿ.

ಊಟ ಮುಗಿಸಿ ಸಿದ್ದಾಪುರದ ಕಡೆ ಹೊರಟರೆ ಸಂಜೆಯೊಳಗೆ ಬಿಳಗಿ ನೋಡಬಹುದು. ಶ್ವೇತಪುರ ಎಂಬ ಹೆಸರೂ ಇದ್ದ ಈ ಊರು ವಿಜಯನಗರದ ಕಾಲದಲ್ಲಿ ಚಿಕ್ಕ ಅರಸು ಮನೆತನವೊಂದರ ನೆಲೆ. ಇಲ್ಲಿಯ ರತ್ನತ್ರಯ ಬಸದಿ ಹದಿನಾರನೆಯ ಶತಮಾನದ್ದು. ಗೋಳಬಾವಿ ಎಂದು ಕರೆಯುವ ದುಂಡನೆಯ ಬಾವಿಯನ್ನೂ ನೋಡಿ. ಹತ್ತು ಮಂದಿ ಪ್ರವಾಸಿಗರೂ ಕಾಣಿಸದ ಊರು ಇದು. ರಾಜ್ಯ ಚಿಕ್ಕದಾದರೆ ಮರೆವು ಬೇಗ ಬರುತ್ತದೆ.

ಎರಡನೆಯ ದಿನ ಶಿರಸಿಯಿಂದ ಯಲ್ಲಾಪುರ ರಸ್ತೆ. ಸುಮಾರು 20 ಕಿಲೋಮೀಟರ್ ದೂರದ ಸೋಂದಾ, ಅಂದರೆ ಸೋದೆ, ಸುಮಾರು 1555ರಿಂದ ನಾಯಕ ಅರಸರ ರಾಜಧಾನಿ. ಅರಸಪ್ಪನಾಯಕ ಇವರಲ್ಲಿ ಮೊದಲಿಗ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯ ಇಲ್ಲಿಗೂ ಬಂದಾಗ ಅರಸ ಪೋರ್ಚುಗೀಸರ ಆಶ್ರಯ ಬೇಡಿ ಗೋವೆಗೆ ಹೋದ. ಮನೆತನ ಫೋಂಡಾ ಬಳಿಯ ಬಾಂದಿವಡೆಯಲ್ಲಿ ನೆಲೆಸಿತು. ಘಟ್ಟದ ಕೆಳಗಿನ ಸೋದೆಯ ಸೀಮೆಗಳು ಪೋರ್ಚುಗೀಸರ ಪಾಲಾದವು. ಇಂದಿನ ಗೋವೆಯ ಗಡಿಯಲ್ಲಿ ಈ ಪುಟ್ಟ ಊರಿನ ಪಾತ್ರವೂ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಕೋಟೆ ಹಾಳಾಗಿದೆ. ಆದರೆ ವಾದಿರಾಜರ ಬೃಂದಾವನವಿರುವ ಸೋದೆ ಮಠ, ಹವ್ಯಕರ ಸ್ವರ್ಣವಲ್ಲಿ ಮಠ, ಸ್ವಾದಿಯ ಜೈನ ಮಠ, ಈ ಮೂರೂ ಇಂದಿಗೂ ನಡೆಯುತ್ತಿವೆ. ಮೂರು ಮತಗಳ ಮಠಗಳಿಗೆ ಒಂದೇ ಸೀಮೆಯಲ್ಲಿ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ. ದೂರದ ಪೋಲೆಂಡಿನಲ್ಲೂ ಹೀಗೇ ಆಯಿತು. ಸುಮಾರು 1600ರ ಹೊತ್ತಿಗೆ ಅರಸರು ಕ್ರಾಕೋವ್ ಬಿಟ್ಟು ವಾರ್ಸಾಕ್ಕೆ ಹೋದರು. ಆದರೆ 1364ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೂ ಚರ್ಚುಗಳೂ ಹಳೆಯ ಊರಿನಲ್ಲೇ ಉಳಿದವು. ಇಂದು ಪ್ರವಾಸಿಗರು ನೋಡಲು ಹೋಗುವುದು ಅವನ್ನೇ.

ಯಲ್ಲಾಪುರದ ದಾರಿಯಲ್ಲಿ ಕೊನೆಯ ನಿಲುಗಡೆ ಶಾಲ್ಮಲಾ ನದಿಯ ಸಹಸ್ರಲಿಂಗ. ಹೊಳೆಯ ಬಂಡೆಗಳ ಮೇಲೆ ಕಡೆದ ನೂರಾರು ಲಿಂಗಗಳು ಸೋದೆಯ ಸದಾಶಿವರಾಯನ (1678–1718) ಕಾಲದವು ಎನ್ನುತ್ತಾರೆ. ಮಳೆಗಾಲದಲ್ಲಿ ಇವು ನೀರಿನಲ್ಲಿ ಮುಳುಗಿರುತ್ತವೆ. ದೀಪಾವಳಿ ಕಳೆದ ಮೇಲೆ ಬಂದರೆ ಒಳ್ಳೆಯದು. ಶಿವರಾತ್ರಿಯಂದು ಜಾತ್ರೆಯಷ್ಟು ಜನ.

ಎರಡು ದಿನ ಸುತ್ತಿದ ಮೇಲೆ ಒಂದು ಮಾತು ತಾನಾಗಿ ಹೊಳೆಯುತ್ತದೆ. ಜನ ಬಳಸುತ್ತಾ ಬಂದ ದೇವಾಲಯ, ಬಸದಿ, ಮಠ ಉಳಿದಿವೆ. ಅರಸನಿಗಷ್ಟೇ ಬೇಕಾಗಿದ್ದ ಕೋಟೆ, ಅರಮನೆಗಳು ಕಾಡಿನ ಪಾಲಾಗಿವೆ. ಹಾಗಿರುವಾಗ, ಯಾರೂ ಬಳಸದ ಕಲ್ಲುಗಳನ್ನು ಮುಂದೆ ಕಾಯುವವರು ಯಾರು? ಕಾನೂನು ಒಂದು ಮಟ್ಟಿಗೆ ಕಾಯಬಹುದು. ಉಳಿದದ್ದು ನೋಡಲು ಬಂದವರ ಕೈಯಲ್ಲಿದೆ. ಲಿಂಗದ ಬಂಡೆಯ ಮೇಲೆ ಹೆಸರು ಕೆತ್ತದೆ, ಕೋಟೆಯ ಕಲ್ಲು ಕದಲಿಸದೆ, ಆ ಕಲ್ಲಿನ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಿದರೆ ಅದೂ ಒಂದು ಬಳಕೆಯೇ. ಜಲಪಾತಕ್ಕೆ ಇನ್ನೊಮ್ಮೆ ಹೋಗಬಹುದು.