ಸವಳು ಗದ್ದೆಯಿಂದ ನೀರುನಾಯಿಯವರೆಗೆ: ಸಾಣಾಪುರದ ಸುತ್ತ ಜೀವವಿಜ್ಞಾನದ ಮೂಲಪಾಠ

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಸಾಣಾಪುರ, ತುಂಗಭದ್ರಾ ನದಿಯ ಎಡದಂಡೆಯಲ್ಲಿ ಆನೆಗೊಂದಿಗೆ ಸಮೀಪದ ಗ್ರಾಮ. ನದಿಯ ಆಚೆ ದಡದಲ್ಲಿ ಹಂಪಿ. ಊರಿನ ಸುತ್ತ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಕಣಶಿಲೆಯ ಬೆಟ್ಟಗಳು, ಅವುಗಳ ನಡುವೆ ಕಾಲುವೆಯ ನೀರಿನಿಂದ ತುಂಬುವ ಕೆರೆ, ಕೆಳಗೆ ಹಸಿರು ಭತ್ತದ ಗದ್ದೆ. ಪ್ರವಾಸಿಗರು ಇಲ್ಲಿಗೆ ಈ ನೋಟಕ್ಕಾಗಿ ಬರುತ್ತಾರೆ. ಜೀವವಿಜ್ಞಾನದ ವಿದ್ಯಾರ್ಥಿಗೆ ಇದೇ ನೋಟ ಒಂದು ಪಠ್ಯಪುಸ್ತಕವೂ ಹೌದು.

ಇಲ್ಲಿಂದ ಕಾಲುವೆಯ ಜಾಡು ಹಿಡಿದು ಗಂಗಾವತಿ, ಕಾರಟಗಿ, ಸಿಂಧನೂರು ಕಡೆಗೆ ಹೋದರೆ ತಗ್ಗಿನ ಹೊಲಗಳಲ್ಲಿ ಬೇರೊಂದು ದೃಶ್ಯ ಕಾಣುತ್ತದೆ. ನೀರಿಗೆ ಕೊರತೆಯಿಲ್ಲ, ಆದರೂ ಸಸಿಗಳ ಎಲೆಯ ತುದಿ ಒಣಗಿದೆ, ಪೈರು ಅಲ್ಲಲ್ಲಿ ಸತ್ತು ನೆಲದ ಮೇಲೆ ಬಿಳಿಯ ಪದರ ಕಟ್ಟಿದೆ. ರೈತರು ಇದನ್ನು ಸವಳು ಎನ್ನುತ್ತಾರೆ. ನೀರು ನಿಂತು ಬಸಿಯದ ನೆಲ ಜವಳು. ಸಾವಿರಾರು ಹೆಕ್ಟೇರ್ ಭೂಮಿಯನ್ನು ಕಾಡುತ್ತಿರುವ ಈ ಸವಳು-ಜವಳಿನಲ್ಲಿ ಪೈರು ಸಾಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಜೀವಕೋಶ, ವಂಶವಾಹಿ, ಪರಿಸರ ವ್ಯವಸ್ಥೆ ಎಂಬ ಮೂರೂ ಹಂತಗಳನ್ನು ಹಾದುಹೋಗಬೇಕಾಗುತ್ತದೆ. ಒಂದೇ ಹಂತದಲ್ಲಿ ದೊರೆಯುವ ಉತ್ತರ ಅಪೂರ್ಣ.

ಜೀವಕೋಶ: ಬದುಕಿನ ಮೂಲ ಘಟಕ

ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಬಿರಡೆಯ ತೆಳು ಹೋಳನ್ನು ಸೂಕ್ಷ್ಮದರ್ಶಕದಡಿ ನೋಡಿ ಜೇನುಗೂಡಿನಂಥ ಕೋಣೆಗಳನ್ನು ಕಂಡನು. ಅವು ಸತ್ತ ಕೋಶಗಳ ಗೋಡೆಗಳು ಮಾತ್ರ. ಸಸ್ಯಗಳೆಲ್ಲ ಕೋಶಗಳಿಂದಾಗಿವೆ ಎಂದು 1838ರಲ್ಲಿ ಶ್ಲೈಡನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ಪ್ರತಿಪಾದಿಸಿದರು. ಕೋಶವು ಮತ್ತೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು 1855ರಲ್ಲಿ ವಿರ್ಶೋ ಸೇರಿಸಿದನು. ಕೋಶ ಸಿದ್ಧಾಂತದ ಮೂರು ಕಂಬಗಳು ಇವೇ.

ಭತ್ತದ ಎಲೆಯ ಒಂದು ಕೋಶವನ್ನು ತೆಗೆದುಕೊಳ್ಳೋಣ. ಹೊರಗೆ ಗಟ್ಟಿಯಾದ ಕೋಶಭಿತ್ತಿ, ಅದರೊಳಗೆ ತೆಳುವಾದ ಕೋಶಪೊರೆ. ಒಳಗಿನ ಕೋಶಕೇಂದ್ರದಲ್ಲಿ ಆನುವಂಶಿಕ ಮಾಹಿತಿ ಇದೆ. ಪತ್ರಹರಿತ್ತನ್ನು ಹೊತ್ತ ಹಸಿರು ಕಣಗಳು ಬಿಸಿಲಿನ ನೆರವಿನಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ, ಇದು ದ್ಯುತಿಸಂಶ್ಲೇಷಣೆ. ಆ ಸಕ್ಕರೆಯಿಂದ ಶಕ್ತಿಯನ್ನು ಬಿಡಿಸಿಕೊಡುವ ಕೆಲಸ ಮೈಟೊಕಾಂಡ್ರಿಯಾಗಳದು. ಕೋಶದ ಬಹುಭಾಗವನ್ನು ಆಕ್ರಮಿಸಿರುವ ರಸದಾನಿಯಲ್ಲಿ ನೀರು, ಲವಣಗಳು ಶೇಖರವಾಗಿರುತ್ತವೆ. ಮನುಷ್ಯನ ಕೋಶದಲ್ಲಿ ಭಿತ್ತಿಯೂ ಇಲ್ಲ, ಹಸಿರು ಕಣಗಳೂ ಇಲ್ಲ. ಉಳಿದ ಏರ್ಪಾಡು ಬಹುಮಟ್ಟಿಗೆ ಒಂದೇ.

ಕೋಶಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಕರಗಿದ ಲವಣವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಲವಣ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಪೊರೆಯನ್ನು ದಾಟಿ ಹರಿಯುವುದಕ್ಕೆ ಅಭಿಸರಣ ಎಂದು ಹೆಸರು. ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುವುದು ಇದೇ ಕಾರಣಕ್ಕೆ. ಸಾಮಾನ್ಯ ಮಣ್ಣಿನಲ್ಲಿ ಬೇರಿನ ಕೋಶದೊಳಗೆ ಲವಣ ಹೆಚ್ಚು, ಹೊರಗೆ ಕಡಿಮೆ. ಆದ್ದರಿಂದ ನೀರು ಒಳಗೆ ಬರುತ್ತದೆ. ಸವಳು ನೆಲದಲ್ಲಿ ಈ ವ್ಯತ್ಯಾಸ ಕುಗ್ಗುತ್ತದೆ. ಪಾದ ಮುಳುಗುವಷ್ಟು ನೀರಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ.

ಎರಡನೆಯ ಪೆಟ್ಟು ಸೋಡಿಯಂನದು. ನೀರಿನೊಂದಿಗೆ ಒಳಸೇರಿದ ಸೋಡಿಯಂ ಎಲೆಯಲ್ಲಿ ಶೇಖರಗೊಂಡು, ಕೋಶಕ್ಕೆ ಅತ್ಯಗತ್ಯವಾದ ಪೊಟ್ಯಾಸಿಯಂನ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಕಿಣ್ವಗಳು ಸರಿಯಾಗಿ ದುಡಿಯವು, ದ್ಯುತಿಸಂಶ್ಲೇಷಣೆ ಕುಂಠಿತವಾಗುತ್ತದೆ, ಎಲೆ ತುದಿಯಿಂದ ಒಣಗುತ್ತದೆ. ಎಳೆ ಸಸಿಯ ಹಂತ ಮತ್ತು ಹೂ ಬಿಡುವ ಹಂತಗಳಲ್ಲಿ ಭತ್ತ ಉಪ್ಪಿಗೆ ಬೇಗ ಸೋಲುತ್ತದೆ.

ನಿಂತ ನೀರು ಮಾತ್ರ ಭತ್ತಕ್ಕೆ ಅಷ್ಟೊಂದು ತೊಂದರೆಯಲ್ಲ. ಕಾಂಡದಿಂದ ಬೇರಿನವರೆಗೆ ಗಾಳಿ ಸಾಗಿಸುವ ಟೊಳ್ಳು ಅಂಗಾಂಶ ಅದಕ್ಕಿದೆ. ಜೋಳ, ಹತ್ತಿಗಳಿಗೆ ಅಂಥ ಅನುಕೂಲವಿಲ್ಲ. ಜವಳು ನೆಲದಲ್ಲಿ ಅವುಗಳ ಬೇರು ಉಸಿರುಗಟ್ಟುತ್ತದೆ. ಒಂದೇ ಬಗೆಯ ಕೆಲಸಕ್ಕೆ ಕೂಡಿದ ಕೋಶಗಳು ಅಂಗಾಂಶವಾಗಿ, ಅಂಗಾಂಶಗಳು ಅಂಗವಾಗಿ, ಅಂಗಗಳು ಜೀವಿಯಾಗಿ ರೂಪುಗೊಳ್ಳುವುದಕ್ಕೆ ಇದು ಕಣ್ಣೆದುರಿನ ಉದಾಹರಣೆ.

ವಂಶವಾಹಿ: ತಲೆಮಾರಿನಿಂದ ತಲೆಮಾರಿಗೆ

ಎಲ್ಲ ಭತ್ತವೂ ಉಪ್ಪಿಗೆ ಸಮಾನವಾಗಿ ಸೋಲುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವೆಡೆಯ ಗಜನಿ ಭೂಮಿಗಳಲ್ಲಿ, ಕಗ್ಗ ಎಂಬ ನಾಡತಳಿ ಬೆಳೆಯುತ್ತದೆ. ಉಬ್ಬರದ ಉಪ್ಪುನೀರು ನುಗ್ಗಿದರೂ ಅದು ತಾಳಿಕೊಳ್ಳುತ್ತದೆ. ಕೇರಳ ಕರಾವಳಿಯ ಪೊಕ್ಕಾಳಿ ಇದೇ ಗುಣದ ಮತ್ತೊಂದು ತಳಿ. ನೋಟಕ್ಕೆ ಎರಡೂ ಭತ್ತವೇ. ವ್ಯತ್ಯಾಸವಿರುವುದು ವಂಶವಾಹಿಗಳಲ್ಲಿ.

ಭತ್ತದ ಪ್ರತಿ ದೇಹಕೋಶದಲ್ಲಿ 12 ಜೊತೆ, ಅಂದರೆ 24 ವರ್ಣತಂತುಗಳಿವೆ. ಮನುಷ್ಯನಲ್ಲಿ 23 ಜೊತೆ. ವರ್ಣತಂತುವಿನಲ್ಲಿ ಸುರುಳಿಗೊಂಡಿರುವ ಉದ್ದನೆಯ ಅಣುವೇ ಡಿಎನ್‌ಎ. ಅದು ಎರಡು ಎಳೆಗಳ ಹೆಣಿಗೆ ಎಂದು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ತೋರಿಸಿದರು. ಅದರ ಬರಹಕ್ಕೆ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರಗಳ ಒಂದೊಂದು ಪದವು ಪ್ರೋಟೀನಿಗೆ ಸೇರಬೇಕಾದ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಈ ಸಂಕೇತವನ್ನು ಬಿಡಿಸಿದವರಲ್ಲಿ ಭಾರತೀಯ ಸಂಜಾತ ಹರಗೋಬಿಂದ್ ಖೊರಾನಾ ಒಬ್ಬರು. 1968ರ ನೊಬೆಲ್ ಪ್ರಶಸ್ತಿಯನ್ನು ಅವರು ಹಂಚಿಕೊಂಡರು. ಒಂದು ಪ್ರೋಟೀನ್ ಮುಂತಾದ ಉತ್ಪನ್ನಕ್ಕೆ ಬೇಕಾದ ಸೂಚನೆಯಿರುವ ಡಿಎನ್‌ಎ ತುಣುಕೇ ವಂಶವಾಹಿ.

ಭತ್ತದ ಸಂಪೂರ್ಣ ಡಿಎನ್‌ಎ ಬರಹ ಸುಮಾರು 39 ಕೋಟಿ ಅಕ್ಷರಗಳಷ್ಟಿದ್ದು, ಭಾರತವೂ ಪಾಲ್ಗೊಂಡ ಅಂತರರಾಷ್ಟ್ರೀಯ ಯೋಜನೆಯೊಂದು ಅದನ್ನು ಓದಿ 2005ರಲ್ಲಿ ಪ್ರಕಟಿಸಿತು. ಉಪ್ಪು ತಾಳುವ ಗುಣಕ್ಕೆ ಸಂಬಂಧಿಸಿದ ಮುಖ್ಯ ಭಾಗವೊಂದು ಮೊದಲನೆಯ ವರ್ಣತಂತುವಿನಲ್ಲಿದೆ. ಅಲ್ಲಿನ ಒಂದು ವಂಶವಾಹಿ ರೂಪಿಸುವ ಪ್ರೋಟೀನು, ಎಲೆಯತ್ತ ಏರುತ್ತಿರುವ ಸೋಡಿಯಂ ಅನ್ನು ದಾರಿಯಲ್ಲೇ ತಡೆದು ಹಿಂದಕ್ಕೆಳೆದುಕೊಳ್ಳುತ್ತದೆ. ಕೋಶದಲ್ಲಿ ಆಗುವ ಹಾನಿಯನ್ನು ತಡೆಯುವ ಸೂಚನೆ ವಂಶವಾಹಿಯಲ್ಲಿ ಬರೆದಿದೆ ಎಂದಾಯಿತು.

ಪ್ರಬಲ ಮತ್ತು ದುರ್ಬಲ ಗುಣಗಳು

ಆಸ್ಟ್ರಿಯಾದ ಪಾದ್ರಿ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳ ವರದಿ 1866ರಲ್ಲಿ ಪ್ರಕಟವಾದರೂ ಅದರ ಮಹತ್ವ ಜಗತ್ತಿಗೆ ಅರಿವಾದದ್ದು 1900ರಲ್ಲಿ. ಪ್ರತಿ ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಒಂದೇ ಪ್ರತಿ ಇದ್ದರೂ ಪ್ರಕಟವಾಗುವುದು ಪ್ರಬಲ ಗುಣ. ಎರಡೂ ಪ್ರತಿಗಳು ಒಂದೇ ಬಗೆಯವಾಗಿದ್ದಾಗ ಮಾತ್ರ ಪ್ರಕಟವಾಗುವುದು ದುರ್ಬಲ ಗುಣ.

ಇದಕ್ಕೆ ಭತ್ತದಲ್ಲೇ ಒಳ್ಳೆಯ ನಿದರ್ಶನವಿದೆ. ಕರ್ನಾಟಕದ ನೀರಾವರಿ ಪ್ರದೇಶದಲ್ಲಿ ಜನಪ್ರಿಯವಾದ ಬಿಪಿಟಿ-5204 ತಳಿ ಆಂಧ್ರಪ್ರದೇಶದ ಬಾಪಟ್ಲದಲ್ಲಿ ರೂಪುಗೊಂಡದ್ದು. ಅನ್ನ ರುಚಿಕರ, ಆದರೆ ದುಂಡಾಣು ಅಂಗಮಾರಿ ರೋಗಕ್ಕೆ ತುತ್ತಾಗುವ ತಳಿ. ದುಂಡಾಣು ಎಂದರೆ ಕೋಶಕೇಂದ್ರವಿಲ್ಲದ ಒಂದೇ ಕೋಶದ ಜೀವಿ. ಹೈದರಾಬಾದಿನ ವಿಜ್ಞಾನಿಗಳು 2000ರ ದಶಕದಲ್ಲಿ ಈ ತಳಿಗೆ ಮೂರು ರೋಗನಿರೋಧಕ ವಂಶವಾಹಿಗಳನ್ನು ತಳಿಸಂಕರಣದ ಮೂಲಕ ಸೇರಿಸಿದರು. ಅವುಗಳಲ್ಲಿ ಒಂದು ಪ್ರಬಲ, ಎರಡು ದುರ್ಬಲ. ಪ್ರಬಲವಾದುದಕ್ಕೆ ಒಂದು ಪ್ರತಿ ಸಾಕು. ದುರ್ಬಲ ವಂಶವಾಹಿಯಾದರೆ ಮೊದಲ ಪೀಳಿಗೆಯ ಗಿಡಗಳಲ್ಲಿ ಅಡಗಿಯೇ ಇರುತ್ತದೆ. ಎರಡನೆಯ ಪೀಳಿಗೆಯಲ್ಲಿ ಸರಾಸರಿ ನಾಲ್ಕಕ್ಕೊಂದು ಗಿಡ ಮಾತ್ರ ಆ ಗುಣ ತೋರುತ್ತದೆ. ಮೆಂಡೆಲನ 3:1 ಅನುಪಾತ ಇದೇ.

ಮೂರು ವಂಶವಾಹಿಗಳು ಬೇಕಾದದ್ದೇಕೆ? ಡಿಎನ್‌ಎ ನಕಲಾಗುವಾಗ ಅಪರೂಪಕ್ಕೆ ಅಕ್ಷರದೋಷವಾಗುತ್ತದೆ, ಇದು ಉತ್ಪರಿವರ್ತನೆ. ಕೋಟ್ಯಂತರ ದುಂಡಾಣುಗಳಲ್ಲಿ ಯಾವುದೋ ಒಂದು ಒಂದು ತಡೆಯನ್ನು ಮೀರುವ ಗುಣ ಪಡೆದರೆ ಅದರ ಸಂತಾನವೇ ಗದ್ದೆಯನ್ನು ಆವರಿಸುತ್ತದೆ. ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಇದುವೇ. ಮೂರು ತಡೆಗಳನ್ನು ಒಮ್ಮೆಗೇ ಮೀರುವುದು ಅದಕ್ಕೆ ಬಹಳ ಕಠಿಣ. ಆ ಮೂರರಲ್ಲಿ ಪ್ರಬಲವಾದ ವಂಶವಾಹಿ ದೊರೆತದ್ದು ಆಫ್ರಿಕಾದ ಕಾಡುಭತ್ತದಲ್ಲಿ ಎಂಬುದು ಗಮನಾರ್ಹ. ಕಗ್ಗದಂಥ ನಾಡತಳಿಯಾಗಲಿ ಕಾಡುಭತ್ತವಾಗಲಿ ಅಳಿದರೆ ಅವುಗಳಲ್ಲಿರುವ ಸೂಚನೆಯೂ ಅಳಿಯುತ್ತದೆ. ಮೈಲುಗಟ್ಟಲೆ ಒಂದೆರಡೇ ತಳಿಗಳನ್ನು ಬೆಳೆಯುವ ಅಚ್ಚುಕಟ್ಟಿಗೆ ಇದು ಸಣ್ಣ ವಿಷಯವಲ್ಲ.

ಪರಿಸರ ವ್ಯವಸ್ಥೆ: ಜೀವಿಗಳ ಕೂಡುಬಾಳು

ಒಂದೇ ಪ್ರಭೇದದ ಜೀವಿಗಳ ಗುಂಪು ಸಮಷ್ಟಿ. ಹಲವು ಸಮಷ್ಟಿಗಳು ಸೇರಿ ಜೀವಿ ಸಮುದಾಯ. ಆ ಸಮುದಾಯ ಮತ್ತು ಅದರ ಮಣ್ಣು, ನೀರು, ಗಾಳಿ, ಬಿಸಿಲು ಸೇರಿ ಪರಿಸರ ವ್ಯವಸ್ಥೆ. ಈ ಪರಿಕಲ್ಪನೆಗೆ 1935ರಲ್ಲಿ ಹೆಸರು ಕೊಟ್ಟವನು ಬ್ರಿಟನ್ನಿನ ಟಾನ್ಸ್ಲಿ. ಸಾಣಾಪುರದ ಸುತ್ತ ಅಂಥ ಮೂರು ವ್ಯವಸ್ಥೆಗಳು ಅಕ್ಕಪಕ್ಕದಲ್ಲಿವೆ.

ಮೊದಲನೆಯದು ಬಂಡೆಬೆಟ್ಟ. ಬರಿಬಂಡೆಯ ಮೇಲೆ ಮೊದಲು ನೆಲೆಯೂರುವುದು ಕಲ್ಲುಹೂವು. ಇದು ಒಂದೇ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಯ ಸಹಜೀವನ. ಅದು ಮಂದಗತಿಯಲ್ಲಿ ಕಲ್ಲನ್ನು ಸವೆಸಿ ಮಣ್ಣಿಗೆ ದಾರಿಮಾಡುತ್ತದೆ. ಕುರುಚಲು ಗಿಡಗಳ ಹಣ್ಣು ತಿಂದ ಕರಡಿ ಬೀಜಗಳನ್ನು ಬಹುದೂರ ಹರಡುತ್ತದೆ. ನದಿಯಾಚೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಸ್ಥಾಪನೆಯಾದದ್ದು ಇಂಥದೇ ಬಂಡೆಗಾಡಿನಲ್ಲಿ.

ಎರಡನೆಯದು ನದಿ. ತುಂಗಭದ್ರಾ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಪಾಚಿ ಉತ್ಪಾದಕ, ಪಾಚಿಯನ್ನು ತಿನ್ನುವ ಕೀಟ, ಅದನ್ನು ತಿನ್ನುವ ಮೀನು, ಮೀನನ್ನು ತಿನ್ನುವ ನೀರುನಾಯಿ ಭಕ್ಷಕಗಳು. ಒಂದು ಹಂತದ ಶಕ್ತಿಯಲ್ಲಿ ಸ್ಥೂಲವಾಗಿ ಹತ್ತನೆಯ ಒಂದು ಪಾಲು ಮಾತ್ರ ಮುಂದಿನ ಹಂತಕ್ಕೆ ದಾಟುತ್ತದೆ. ಆದ್ದರಿಂದಲೇ ಸರಪಳಿಯ ತುದಿಯ ಪ್ರಾಣಿಗಳ ಸಂಖ್ಯೆ ಯಾವಾಗಲೂ ಅಲ್ಪ. ನೀರುನಾಯಿ ಉಳಿಯಬೇಕಾದರೆ ಕೆಳಗಿನ ಹಂತಗಳೆಲ್ಲ ಸಮೃದ್ಧವಾಗಿರಬೇಕು.

ಮೂರನೆಯದು ಗದ್ದೆ. ಇದು ಮನುಷ್ಯನಿರ್ಮಿತ, ಆದರೂ ಪರಿಸರ ವ್ಯವಸ್ಥೆಯೇ. ಕಂದು ಜಿಗಿಹುಳು ಭತ್ತದ ರಸ ಹೀರಿದರೆ, ಜೇಡ ಜಿಗಿಹುಳುವನ್ನು ಹಿಡಿಯುತ್ತದೆ. ಕೀಟನಾಶಕವನ್ನು ವಿವೇಚನೆಯಿಲ್ಲದೆ ಸಿಂಪಡಿಸಿದರೆ ಮೊದಲು ನಾಶವಾಗುವುದು ಅನೇಕ ವೇಳೆ ಜೇಡಗಳೇ. ಆಮೇಲೆ ಜಿಗಿಹುಳು ಇಮ್ಮಡಿಯಾಗಿ ಮರಳುತ್ತದೆ. ಹುಲ್ಲು, ಸೊಪ್ಪನ್ನು ಕೊಳೆಸಿ ಪೋಷಕಾಂಶವನ್ನು ಮಣ್ಣಿಗೆ ಹಿಂದಿರುಗಿಸುವ ಸೂಕ್ಷ್ಮಜೀವಿಗಳು ವಿಘಟಕಗಳು. ಹೀಗೆ ಪೋಷಕಾಂಶಗಳು ಚಕ್ರದಂತೆ ಸುತ್ತುತ್ತವೆ. ಶಕ್ತಿ ಮಾತ್ರ ಒಂದೇ ದಿಕ್ಕಿನಲ್ಲಿ ಹರಿದು ಶಾಖವಾಗಿ ಹೊರಟುಹೋಗುತ್ತದೆ.

ಉಪ್ಪು ಬಂದದ್ದೆಲ್ಲಿಂದ?

ಈಗ ಮೊದಲ ಪ್ರಶ್ನೆಗೆ ಬರೋಣ. ವಿಜಯನಗರದ ಕಾಲದಿಂದಲೂ ನದಿಯಂಚಿನ ಭೂಮಿಗೆ ಕಾಲುವೆಗಳಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿದ ಬಳಿಕ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳ ವಿಶಾಲ ಬಯಲನ್ನು ಮುಟ್ಟಿತು. ಹೆಚ್ಚು ಭೂಮಿಗೆ ಮಿತವಾದ ನೀರು ಕೊಟ್ಟು ಜೋಳ, ಹತ್ತಿಯಂಥ ಬೆಳೆಗಳನ್ನು ಕಾಪಾಡುವುದು ಯೋಜನೆಯ ಮುಖ್ಯ ಉದ್ದೇಶವಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕಪ್ಪುಮಣ್ಣಿನಲ್ಲಿ ನೀರು ಬೇಗ ಬಸಿಯದು, ಅಂತರ್ಜಲ ಮೇಲೇರಿತು. ಬಿಸಿಲಿಗೆ ನೀರು ಆವಿಯಾಗಿ ಹೋದಾಗ ಅದರಲ್ಲಿ ಕರಗಿದ್ದ ಲವಣ ಮೇಲ್ಪದರದಲ್ಲೇ ಉಳಿಯಿತು. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಅದನ್ನು ತೊಳೆದೊಯ್ಯಲು ಮಳೆನೀರೂ ಸಾಲದು. ಇತ್ತ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲ ಕೆಟ್ಟರೆ, ಅತ್ತ ಕೊನೆಭಾಗದ ರೈತ ನೀರಿಗಾಗಿ ಕಾಯುವಂತಾಯಿತು.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿ ಕುರಿತ ಸಂಶೋಧನೆ ಬಹುಕಾಲದಿಂದ ನಡೆದಿದೆ. ಪರಿಹಾರಗಳೂ ಮೂರು ಹಂತದವು. ಬಸಿಗಾಲುವೆ ತೆಗೆದು ಉಪ್ಪುನೀರನ್ನು ಹೊರಹಾಕುವುದು ಪರಿಸರದ ಹಂತದ್ದು. ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ ಜಿಪ್ಸಂ ಹಾಕಿ, ಹಸಿರೆಲೆ ಗೊಬ್ಬರ ಸೇರಿಸುವುದು ಬೇರಿನ ಕೋಶಕ್ಕೆ ನೆಮ್ಮದಿ ಕೊಡುವ ಕ್ರಮ. ಉಪ್ಪು ತಾಳುವ ತಳಿ ಬಿತ್ತುವುದು ವಂಶವಾಹಿಯ ಹಂತದ್ದು. ಸಾಮಾನ್ಯವಾಗಿ ಸುಲಭವೆಂದು ತೋರುವುದು ಕೊನೆಯದು; ಬೀಜದ ಚೀಲ ಬದಲಿಸಿದರೆ ಸಾಕಲ್ಲವೇ ಎನಿಸುತ್ತದೆ. ಆದರೆ ಯಾವ ವಂಶವಾಹಿಗೂ ಒಂದು ಮಿತಿಯಿದೆ. ನೀರು ಬಸಿಯದೆ ಲವಣ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋದರೆ ಕಗ್ಗವೂ ಒಂದು ದಿನ ಕೈಬಿಟ್ಟೀತು. ಕಗ್ಗ ಬಾಳುವುದು ಮಳೆಗಾಲದ ನದಿನೀರು ಗಜನಿಯ ಉಪ್ಪನ್ನು ತೊಳೆಯುವ ಏರ್ಪಾಡಿನೊಳಗೆ.

ಶಾಲೆಯಲ್ಲಿ ಜೀವಕೋಶ, ಆನುವಂಶೀಯತೆ, ಪರಿಸರ ಇವು ಬೇರೆ ಬೇರೆ ಅಧ್ಯಾಯಗಳು. ಪರೀಕ್ಷೆಯಲ್ಲೂ ಬೇರೆ ಬೇರೆ ಅಂಕಗಳು. ಎಡದಂಡೆಯ ಗದ್ದೆಯಲ್ಲಿ ಅವು ಒಂದೇ ಬದುವಿನೊಳಗೆ ಒಟ್ಟಿಗೆ ಕೆಲಸ ಮಾಡುತ್ತವೆ. ಕಾಲುವೆಗೆ ಎಷ್ಟು ನೀರು ಬಿಡಬೇಕು, ಯಾವ ಬೆಳೆ ಬೆಳೆಯಬೇಕು, ಬಸಿಗಾಲುವೆಗೆ ಹಣ ಒದಗಿಸಬೇಕೇ ಎಂಬ ಚರ್ಚೆ ನಡೆದಾಗಲೆಲ್ಲ ನಿರ್ಧಾರವಾಗುತ್ತಿರುವುದು ಒಂದು ಬೇರಿನ ಕೋಶಕ್ಕೆ ನೀರು ದಕ್ಕುವುದೇ ಇಲ್ಲವೇ ಎಂಬುದು.