ತಾಯಂದಿರ ನೆನಪು ಸಾಕ್ಷ್ಯವಾದಾಗ

ರುಬೆಲ್ಲಾವನ್ನು ಒಂದು ಕಾಲದಲ್ಲಿ ವೈದ್ಯರೂ ದೊಡ್ಡ ಕಾಯಿಲೆಯೆಂದು ಪರಿಗಣಿಸಿರಲಿಲ್ಲ. ಸಣ್ಣ ಜ್ವರ, ಮೈಮೇಲೆ ಮೂರು ದಿನ ಕೆಂಪು ಗುಳ್ಳೆ, ಅಷ್ಟೇ. ಜರ್ಮನ್ ವೈದ್ಯರು ಮೊದಲು ವಿವರಿಸಿದ್ದರಿಂದ ಅದಕ್ಕೆ 'ಜರ್ಮನ್ ದಡಾರ' ಎಂಬ ಹೆಸರೂ ಇತ್ತು. ಈ ಸಾಧು ರೋಗ ಗರ್ಭದಲ್ಲಿರುವ ಶಿಶುವಿನ ದೃಷ್ಟಿಯನ್ನೇ ಕಸಿಯಬಲ್ಲದು ಎಂದು ತಿಳಿದದ್ದು 1941ರಲ್ಲಿ, ಆಸ್ಟ್ರೇಲಿಯಾದಲ್ಲಿ.

ಸಿಡ್ನಿಯ ನೇತ್ರತಜ್ಞ ನಾರ್ಮನ್ ಗ್ರೆಗ್ ಅವರ ಬಳಿಗೆ ಆ ವರ್ಷ ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದಿದ್ದ ಹಸುಳೆಗಳು ಒಂದರ ಹಿಂದೊಂದು ಬರತೊಡಗಿದವು. ಅನೇಕ ಮಕ್ಕಳ ಹೃದಯದಲ್ಲೂ ದೋಷವಿತ್ತು. ಇಂಥದ್ದು ವಂಶಪಾರಂಪರ್ಯವಾಗಿ ಬರುತ್ತದೆ ಎಂಬುದು ಆಗಿನ ನಂಬಿಕೆ. ಆದರೆ ಪರಸ್ಪರ ಸಂಬಂಧವೇ ಇಲ್ಲದ ಇಷ್ಟು ಕುಟುಂಬಗಳಲ್ಲಿ ಒಮ್ಮೆಲೇ ಹೇಗೆ? ಗ್ರೆಗ್ ತಾಯಂದಿರನ್ನೇ ಕೇಳಿದರು. ಹಿಂದಿನ ವರ್ಷ, ಯುದ್ಧದ ಸಮಯದಲ್ಲಿ, ಸೇನಾ ಶಿಬಿರಗಳಲ್ಲೂ ಮನೆಗಳಲ್ಲೂ ರುಬೆಲ್ಲಾ ಹಬ್ಬಿತ್ತು. ಸಹೋದ್ಯೋಗಿಗಳಿಂದಲೂ ಮಾಹಿತಿ ಪಡೆದು ಅವರು ಕಲೆಹಾಕಿದ 78 ಪ್ರಕರಣಗಳಲ್ಲಿ 68 ತಾಯಂದಿರಿಗೆ ಗರ್ಭಾವಸ್ಥೆಯಲ್ಲಿ, ಹೆಚ್ಚಿನವರಿಗೆ ಆರಂಭದ ತಿಂಗಳುಗಳಲ್ಲೇ, ಆ ರೋಗ ಬಂದಿತ್ತು.

ಮಗು ಕುರುಡಾಗಿ ಹುಟ್ಟಿದರೆ ತಾಯಿಯ ಕಡೆ ಬೆರಳು ತೋರಿಸುವುದು ನಮ್ಮಲ್ಲೂ ಹೊಸದೇನಲ್ಲ. ಗ್ರಹಣದ ದಿನ ಹೊರಗೆ ಬಂದಳು ಎನ್ನುವವರು ಈಗಲೂ ಇದ್ದಾರೆ. ಗ್ರೆಗ್ ಅದೇ ತಾಯಿಯನ್ನು ಸಾಕ್ಷಿಯಾಗಿ ಕರೆದರು.

ವೈದ್ಯಲೋಕ ಸುಲಭವಾಗಿ ಒಪ್ಪಲಿಲ್ಲ. ವೈರಸ್ಸನ್ನು ಆಗಿನ್ನೂ ಯಾರೂ ಬೇರ್ಪಡಿಸಿರಲಿಲ್ಲ. ಆಧಾರವೆಂದರೆ ಹೆಂಗಸರ ನೆನಪು ಮಾತ್ರ. 1943ರಲ್ಲಿ ಅಡಿಲೇಡ್‌ನ ಚಾರ್ಲ್ಸ್ ಸ್ವಾನ್ ಮತ್ತು ಸಂಗಡಿಗರು ಇಂತಹ ಮಕ್ಕಳಲ್ಲಿ ಕಿವುಡುತನವನ್ನೂ ಕಂಡರು. ಆದರೂ 1944ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಗ್ರೆಗ್ ವಾದ ಸಾಬೀತಾಗಿಲ್ಲವೆಂದಿತು. ಸಂಶಯ ಕಳೆಯಲು ನೆರವಾದವರು ವೈದ್ಯಕೀಯ ಸಂಖ್ಯಾಶಾಸ್ತ್ರಜ್ಞ ಆಲಿವರ್ ಲ್ಯಾಂಕಾಸ್ಟರ್. 1951ರಲ್ಲಿ ಅವರು ಹಳೆಯ ಜನಗಣತಿಗಳನ್ನು ತೆರೆದು ನೋಡಿದರೆ, 1898-99ರ ಸುಮಾರಿಗೆ ಹುಟ್ಟಿದವರಲ್ಲಿ ಕಿವುಡರ ಸಂಖ್ಯೆ ಅಸಹಜವಾಗಿ ಏರಿತ್ತು. ಆಗಲೂ ರುಬೆಲ್ಲಾ ಹಬ್ಬಿತ್ತು! ಆ ತಾಯಂದಿರನ್ನು ಯಾರೂ ಕೇಳಿರಲಿಲ್ಲ.

ವೈರಸ್ ಸಿಕ್ಕಿದ್ದು 1962ರಲ್ಲಿ. ತಾಯಿಯ ರಕ್ತದಿಂದ ಅದು ಮಾಸು ದಾಟಿ, ಕಣ್ಣು, ಕಿವಿ, ಹೃದಯ ರೂಪುಗೊಳ್ಳುವ ಹೊತ್ತಿನಲ್ಲೇ ಭ್ರೂಣವನ್ನು ಸೇರುತ್ತದೆ. ಲಸಿಕೆ ಬರುವ ಮೊದಲೇ, 1964-65ರಲ್ಲಿ, ಅಮೆರಿಕದಲ್ಲಿ ಸುಮಾರು 20,000 ಮಕ್ಕಳು ಈ ದೋಷಗಳೊಂದಿಗೆ ಹುಟ್ಟಿದರು. ಅಲ್ಲಿ ಲಸಿಕೆಗೆ ಪರವಾನಗಿ ದೊರೆತದ್ದು 1969ರಲ್ಲಿ.

ಭಾರತದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನಕ್ಕೆ ಬೆಂಗಳೂರಿನಲ್ಲಿ ಚಾಲನೆ ದೊರೆತದ್ದು 2017ರ ಫೆಬ್ರವರಿ 5ರಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಚುಚ್ಚುಮದ್ದು. ಗಾಳಿಸುದ್ದಿಗಳೂ ಹರಡಿದವು. ಗಂಡುಮಕ್ಕಳಿಗೆ ಇದೇಕೆ ಎಂದು ಯಾರಾದರೂ ಕೇಳಬಹುದು. ಶಾಲೆಯಿಂದ ಸೋಂಕು ಹೊತ್ತು ತರುವ ಹುಡುಗನ ಮನೆಯಲ್ಲಿ ಬಸುರಿ ಅಕ್ಕನೋ ಅತ್ತಿಗೆಯೋ ಇರಬಹುದಲ್ಲ.