ಕಟ್ಟಿದ ಮನೆಯನ್ನು ಕಾಯುವ ವಿದ್ಯೆ: ನಾಲ್ಕು ತಾಲ್ಲೂಕುಗಳ ಒಂದು ಸಮೀಕ್ಷೆ

ಮನೆಯನ್ನು ಕಟ್ಟುವ ವಿಷಯದಲ್ಲಿ ನಮಗೆ ಶಾಸ್ತ್ರಗ್ರಂಥಗಳುಂಟು, ಶಿಲ್ಪಿಗಳ ಪರಂಪರೆಯುಂಟು, ಈಚಿನ ದಿನಗಳಲ್ಲಿ ಸರ್ಕಾರದ ನಿಗಮಗಳೂ ಅನುದಾನಗಳೂ ಉಂಟು; ಆದರೆ ಕಟ್ಟಿದ ಮನೆಯನ್ನು ಮಳೆಯಿಂದಲೂ ಬಿಸಿಲಿನಿಂದಲೂ ಗೆದ್ದಲಿನಿಂದಲೂ ವರ್ಷವರ್ಷವೂ ಮನೆಯವರೇ ಕಾಪಾಡಿಕೊಂಡು ಬಂದ ವಿದ್ಯೆಯನ್ನು ಕುರಿತು ಕ್ರಮವಾಗಿ ಬರೆದವರು ವಿರಳ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆ ಕಟ್ಟುವವರ ಮತ್ತು ಮನೆ ಸರಿಮಾಡಿಕೊಳ್ಳುವವರ ನಡುವೆಯೇ ವೃತ್ತಿಜೀವನವನ್ನು ಕಳೆದ ನನಗೆ ಈಗ ಇದನ್ನು ಬರೆಯಬೇಕೆನಿಸಿದ್ದು ಎರಡು ತಪ್ಪು ಗ್ರಹಿಕೆಗಳು ಒಂದೇ ಕಾಲದಲ್ಲಿ ಪ್ರಬಲವಾಗುತ್ತಿರುವುದನ್ನು ಕಂಡು. ಜನಗಣತಿಯ ಪರಿಭಾಷೆಯಲ್ಲಿ ಗೋಡೆಯೂ ಚಾವಣಿಯೂ ಮಣ್ಣಿನವಾದರೆ ಆ ಮನೆ ಕಚ್ಚಾ. ಮೂರು ತಲೆಮಾರು ಒಂದು ಕುಟುಂಬ ಅದರಲ್ಲಿ ಸುಖವಾಗಿ ಬಾಳಿದ್ದರೂ ಆ ಎಣಿಕೆ ಬದಲಾಗದು. ಇತ್ತ ನಗರದಿಂದ ಬರುವ ಸಹೃದಯರು ಅದೇ ಮನೆಯನ್ನು ಕಂಡು ಪ್ರಕೃತಿಯೇ ತಾನಾಗಿ ರೂಪಿಸಿದ ತಂಪಿನ ಆಲಯವೆಂದು ಕೊಂಡಾಡುತ್ತಾರೆ. ಆ ಮನೆ ನಿಂತದ್ದು ಪ್ರತಿ ವೈಶಾಖದಲ್ಲಿಯೂ ಮನೆಮಂದಿ ಮಂಕರಿ ಹೊತ್ತು ಮಾಳಿಗೆ ಹತ್ತಿದ್ದರಿಂದ ಎಂಬುದು ಇಬ್ಬರ ಲೆಕ್ಕಕ್ಕೂ ಬಾರದು.

ಪ್ರಾಚೀನ ಘಟ್ಟವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಸುಮಾರು 1025ರ ವೇಳೆಗೆ ರಚಿತವಾದ ಚಾವುಂಡರಾಯನ ಲೋಕೋಪಕಾರವು ವಾಸ್ತು, ಜಲಶೋಧ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳನ್ನು ಒಂದೇ ಗ್ರಂಥದಲ್ಲಿ ತಂದು, ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಹೇಳಬಹುದೆಂದು ತೋರಿಸಿಕೊಟ್ಟಿತು. ಆ ಜಾಡಿನಲ್ಲಿ ದುರಸ್ತಿಯ ಕೈಪಿಡಿಯೊಂದು ನಮಗೆ ಮುಂದೆ ದೊರೆಯಲಿಲ್ಲವೆಂಬುದು ಖೇದದ ಸಂಗತಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೊಗಲರ ಸುಬಾದ ರಾಜಧಾನಿಯಾದ ಶಿರಾದಲ್ಲಿ ಆ ಶತಮಾನದಲ್ಲಿ ಎದ್ದ ಮಸೀದಿ ದರ್ಗಾಗಳು ಸುಣ್ಣದ ಗಾರೆಯ ಕೆಲಸಕ್ಕೆ ಉತ್ತಮ ನಿದರ್ಶನಗಳು. 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗಗಳ ಸುತ್ತ ನಡೆಯುತ್ತಿದ್ದ ಕಬ್ಬಿಣದ ಕುಲುಮೆಗಳನ್ನು ವಿವರವಾಗಿ ಬರೆದಿದ್ದಾನೆ. ಹಾರೆ, ಗುದ್ದಲಿ, ಬಾಚಿ, ಮೊಳೆಗಳಿಗೆ ಬೇಕಾದ ಕಬ್ಬಿಣ ಆಗ ಪರಸ್ಥಳದಿಂದ ಬರಬೇಕಾಗಿರಲಿಲ್ಲ.

ನಿಜವಾದ ವಿಷಯ ಆರಂಭವಾಗುವುದು ಮಾಳಿಗೆ ಮನೆಯಿಂದ. ಪಾವಗಡ ಮತ್ತು ಶಿರಾದ ಉತ್ತರಭಾಗಗಳಲ್ಲಿ ಮಳೆ ಕಡಿಮೆ, ಬಂದಾಗ ಮಾತ್ರ ರಭಸ. ಹುಲ್ಲು ವಿರಳ, ಕಲ್ಲು ಯಥೇಚ್ಛ. ಆದುದರಿಂದ ಅಲ್ಲಿಯವರು ಗೋಡೆಯ ಮೇಲೆ ಕಮರದ ಅಥವಾ ಬೇವಿನ ತೊಲೆಗಳನ್ನಿಟ್ಟು, ಅಡ್ಡಲಾಗಿ ಜಂತೆಗಳನ್ನು ಹರಡಿ, ಅದರ ಮೇಲೆ ಸೀಳಿದ ಚಕ್ಕೆ, ಸೊಪ್ಪು, ಒದ್ದೆ ಮಣ್ಣುಗಳನ್ನು ಹಾಸಿ ದಿಮ್ಮಸಿನಿಂದ ಬಡಿದು, ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಒಂದು ಪದರವನ್ನು ಕೊಡುತ್ತಿದ್ದರು. ಹೊಲದಲ್ಲಿ ಶಾಪವೆನಿಸುವ ಈ ಮಣ್ಣು ಮಾಳಿಗೆಯ ಮೇಲೆ ವರವಾಗುವುದಕ್ಕೆ ಕಾರಣವುಂಟು: ಅದರಲ್ಲಿನ ಸೋಡಿಯಂ ಜೇಡಿಯ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ, ಮೊದಲ ಹನಿಗಳು ಬಿದ್ದೊಡನೆ ಆ ಸೂಕ್ಷ್ಮ ಕಣಗಳು ಚದುರಿ ಕೆಳಗಿನ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ, ಅನಂತರ ಬಿದ್ದ ನೀರು ಇಂಗಲು ದಾರಿಯಿಲ್ಲದೆ ದೋಣಿಯ ಕಡೆಗೆ ಹರಿದುಹೋಗುತ್ತದೆ. ರಸಾಯನಶಾಸ್ತ್ರದ ಹೆಸರನ್ನೇ ಕೇಳದವರು ಇದನ್ನು ನಾಲಿಗೆಯಿಂದ ತಿಳಿದಿದ್ದರು. ವೈ. ಎನ್. ಹೊಸಕೋಟೆಯ ಸಮೀಪದ ಹಳ್ಳಿಯೊಂದರಲ್ಲಿ ಚಿಟಿಕೆ ಮಣ್ಣನ್ನು ಬಾಯಿಗಿಟ್ಟು ಪರೀಕ್ಷಿಸುತ್ತಿದ್ದ ಅಜ್ಜಿಯೊಬ್ಬರು, “ನಾಲಿಗೆಗೆ ಹತ್ತಬೇಕು ಸ್ವಾಮಿ, ಹತ್ತದೆ ಹೋದ್ರೆ ಅದು ಮಾಳಿಗೆ ಮಣ್ಣಲ್ಲ, ಬರೀ ಹೊಲದ ಮಣ್ಣು,” ಎಂದು ನನಗೆ ಹೇಳಿದರು. ಮಣ್ಣನ್ನು ಕುರಿತು ನಾನು ಓದಿದ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾದ ಸೂತ್ರ ಮತ್ತೊಂದಿಲ್ಲ.

ಭರಣಿ ಮಳೆಗೆ ಮೊದಲೇ ಮಾಳಿಗೆಯ ಕೆಲಸ ಮುಗಿದಿರಬೇಕು. ಉತ್ತರೆ, ಹಸ್ತ, ಚಿತ್ತೆಗಳ ಮುಂದೆ ಇನ್ನೊಮ್ಮೆ ಹತ್ತಿ ನೋಡಬೇಕು. ಗವಾಕ್ಷಿಯ ಸುತ್ತಲೂ ದೋಣಿಯ ಬುಡದಲ್ಲಿಯೂ ಬಿರುಕು ಕಂಡರೆ ಆಗಲೇ ಮೆತ್ತಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಪದರವನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣನ್ನೇ ಹಾಕುತ್ತ ಹೋದರೆ ಭಾರ ಹೆಚ್ಚುತ್ತದೆ. ಒಂದು ಅಂಗುಲ ಮಣ್ಣಿಗೆ ಚದರ ಅಡಿಯೊಂದಕ್ಕೆ ಸುಮಾರು 4 ಕಿಲೋ ತೂಕವೆಂದು ಹಿಡಿದರೆ, 20 ಅಡಿ ಉದ್ದ 15 ಅಡಿ ಅಗಲದ ಅಂಕಣದ ಮೇಲೆ ಒಂದು ಟನ್ನಿಗೂ ಮೀರಿದ ಹೊರೆ ಕೂಡುತ್ತದೆ. ಮಳೆಗಾಲದಲ್ಲಿ ಮಾಳಿಗೆ ಕುಸಿದ ಸುದ್ದಿಯನ್ನು ಓದಿ ಮಣ್ಣನ್ನು ದೂಷಿಸುವವರು ತೊಲೆಯ ಮೇಲೆ ಎಷ್ಟು ವರ್ಷಗಳ ಮಣ್ಣು ಕೂತಿತ್ತೆಂದು ವಿಚಾರಿಸುವುದಿಲ್ಲ. ಕೆರೆಯುವ ಕೆಲಸಕ್ಕೆ ಮನೆಯಲ್ಲಿ ಕೈಗಳಿರಬೇಕು. ಆ ಕೈಗಳು ಬೆಂಗಳೂರಿಗೆ ಹೋದ ಕಾಲದಲ್ಲಿಯೇ ಮಾಳಿಗೆಗಳು ಕುಸಿಯತೊಡಗಿದ್ದು.

ಜಯಮಂಗಲಿಯ ನೀರು ಕಂಡ ಕೊರಟಗೆರೆಯಲ್ಲಿ ತೆಂಗಿನ ಗರಿಯೂ ನಾಡಹೆಂಚೂ ಹೆಚ್ಚು; ಅಲ್ಲಿಯ ವಾರ್ಷಿಕ ಕರ್ತವ್ಯವೆಂದರೆ ಹೆಂಚು ಕೈಯಾಡಿಸುವುದು. ಮಧುಗಿರಿಯ ಏಕಶಿಲೆಯ ಬೆಟ್ಟದ ಸುತ್ತಲಿನ ಊರುಗಳಲ್ಲಿ, ಮನೆಯ ಚಾವಣಿಯನ್ನೇ ಕಲ್ಲು ಚಪ್ಪಡಿಯಿಂದ ಮಾಡಿದಲ್ಲಿ, ಸಂದಿನ ಗಾರೆಯೇ ಸರ್ವಸ್ವ. ಚಪ್ಪಡಿ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ. ಸುಣ್ಣದ ಗಾರೆ ಆ ಚಲನೆಗೆ ಸ್ವಲ್ಪ ಬಾಗುತ್ತದೆ, ಸಿಮೆಂಟು ಬಾಗದೆ ಬಿರಿಯುತ್ತದೆ. ಬೆಲ್ಲದ ನೀರು ಬೆರೆಸಿ ಅರೆದ ಹಳೆಯ ಗಾರೆಯನ್ನು ಕಿತ್ತು, ಸಂದುಗಳಿಗೆ ಸಿಮೆಂಟು ತುಂಬಿಸಿದವರ ಮನೆಗಳಲ್ಲಿ ಮರುವರ್ಷವೇ ಸೋರಿಕೆ ಕಾಣಿಸಿದುದನ್ನು ನಾನು ಪದೇಪದೇ ನೋಡಿದ್ದೇನೆ. ಗೋಡೆ ನೆಲಗಳ ಪಾಲನೆಯಂತೂ ಸಂಪೂರ್ಣವಾಗಿ ಹೆಂಗಸರದು. ಸಗಣಿಯಿಂದ ಸಾರಿಸುವುದು, ಯುಗಾದಿಗೂ ಗೌರಿಹಬ್ಬಕ್ಕೂ ಮುಂಚೆ ಸುಣ್ಣ ಬಳಿಯುವುದು, ಕೆಮ್ಮಣ್ಣಿನಲ್ಲಿ ಕಾರಣೆ ಎಳೆಯುವುದು ಇವನ್ನು ಅಲಂಕಾರವೆಂದು ವರ್ಣಿಸಿದ ಲೇಖನಗಳು ಬೇಕಾದಷ್ಟಿವೆ. ಗೋಡೆಯ ಬುಡದಲ್ಲಿ ಹುಳುಹುಪ್ಪಟೆಗಳು ಸೇರುವ ಬಿರುಕನ್ನು ಹಬ್ಬದ ಹೆಸರಿನಲ್ಲಿ ವರ್ಷಕ್ಕೆರಡು ಸಲ ಮುಚ್ಚುವ ವ್ಯವಸ್ಥೆ ಇದೆಂದು ಹೇಳಿದವರನ್ನು ನಾನು ಕಾಣೆ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕೈಗಾರಿಕೆ ಕಾಲಕ್ರಮೇಣ ನಮ್ಮ ಪೇಟೆಗಳನ್ನೂ ಮುಟ್ಟಿತು. ಭದ್ರಾವತಿಯಲ್ಲಿಯೂ ಅನಂತರ ನಮ್ಮದೇ ಜಿಲ್ಲೆಯ ಅಮ್ಮಸಂದ್ರದಲ್ಲಿಯೂ ತಯಾರಾಗತೊಡಗಿದ ಸಿಮೆಂಟು ದೊರೆಯುವಂತಾದ ಮೇಲೆ ಗಾರೆಯ ಗಾಣಗಳು ಒಂದೊಂದಾಗಿ ನಿಂತವು. ಈ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸಿಮೆಂಟಿನೊಡನೆ ಮೇಸ್ತ್ರಿ ಬಂದನು, ಮನೆಯ ಯಜಮಾನ ಕರಣೆಯನ್ನು ಕೆಳಗಿಟ್ಟನು.

ನನ್ನ ತಲೆಮಾರಿನವರು ಕಣ್ತೆರೆದದ್ದು ಆಮೇಲೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಸ್ಥಾಪಿತವಾಗಿ, ಅದರ ಕಾರ್ಯಕ್ಷೇತ್ರ ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಗೊಂಡಿತು. ಗ್ರಾಮದ ಸಮಸ್ಯೆಯನ್ನು ಗ್ರಾಮದಲ್ಲಿಯೇ ಕುಳಿತು ಅಳೆದು ನೋಡಬೇಕೆಂಬ ಆ ಸಂಕಲ್ಪವೇ ನಮಗೆ ನವೀನವಾಗಿ ಕಂಡಿತು. ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಒತ್ತುಯಂತ್ರದಲ್ಲಿ, ನೂರರಲ್ಲಿ ಆರೇಳು ಪಾಲು ಸಿಮೆಂಟು ಬೆರೆಸಿದ ಮಣ್ಣನ್ನು ಕೈಬಲದಿಂದ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆಯನ್ನು ಪಡೆಯಬಹುದಾಗಿತ್ತು. ಸೌದೆಯ ಉಳಿತಾಯ, ಖರ್ಚಿನ ಉಳಿತಾಯ ಮುಂತಾದ ಲಾಭಗಳನ್ನು ಎಲ್ಲರೂ ಬರೆದರು. ನನಗೆ ಎಲ್ಲಕ್ಕಿಂತ ಮಿಗಿಲೆನಿಸಿದ್ದು, ಮನೆಯವನು ತನ್ನ ಹಿತ್ತಲಿನಲ್ಲಿ ತನ್ನ ಹಿತ್ತಲಿನ ಮಣ್ಣಿನಿಂದ ಹೆಂಡತಿಮಕ್ಕಳೊಡನೆ ಅದನ್ನು ತಯಾರಿಸಬಲ್ಲನೆಂಬುದು. ತಾನು ಒತ್ತಿದ ಇಟ್ಟಿಗೆ ಸವೆದರೆ ಅದನ್ನು ಕಿತ್ತು ಬೇರೊಂದನ್ನು ಕೂರಿಸುವ ಧೈರ್ಯ ಅವನಿಗೆ ತಾನಾಗಿ ಬರುತ್ತದೆ.

ಮಣ್ಣು ತಕ್ಕುದೋ ಅಲ್ಲವೋ ಎಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಗಾಜಿನ ಶೀಸೆಯ ಮೂರನೆಯ ಒಂದು ಭಾಗದಷ್ಟು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ನುಣುಪಾದ ಗೋಡು ಅರ್ಧ ಗಂಟೆಯಲ್ಲಿ ಕೂಡುತ್ತದೆ, ಜೇಡಿ ಮಾರನೆಯ ದಿನದವರೆಗೂ ತೇಲುತ್ತಿರುತ್ತದೆ. ಪದರಗಳನ್ನು ಅಳತೆಪಟ್ಟಿಯಿಂದ ಅಳೆದಾಗ ಮರಳು ಮೂರರಲ್ಲಿ ಎರಡು ಪಾಲು, ಜೇಡಿ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಇದ್ದರೆ ಉತ್ತಮ. ಜೇಡಿ ಮಿತಿಮೀರಿದ್ದರೆ ಸಿಮೆಂಟಿನ ಜೊತೆಗೆ ಸುಣ್ಣವನ್ನು ಸೇರಿಸಬೇಕು. ಮಧುಗಿರಿಯ ಸುತ್ತಿನ ಕೆಂಪುಮಣ್ಣು ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ, ಎರೆಮಣ್ಣು ಸೋಲುತ್ತದೆ.

‘ಅಸ್ತ್ರ ಒಲೆ’ಯೂ ಆ ಕಾಲದ್ದೇ. ಸೌದೆಯನ್ನು ಉಳಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸಿದ ಆ ಒಲೆ ಎಷ್ಟೋ ತಾಯಂದಿರ ಕಣ್ಣನ್ನು ಉಳಿಸಿತು. ಆದರೆ ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕೆಂಬುದನ್ನು ಚೆನ್ನಾಗಿ ಹೇಳಿಕೊಟ್ಟ ಮನೆಗಳಲ್ಲಿ ಅದು ಉಳಿಯಿತು, ಹೇಳಿಕೊಡದ ಮನೆಗಳಲ್ಲಿ ಕೊಳವೆ ಮುಚ್ಚಿ ಹಳೆಯ ಮೂರು ಕಲ್ಲಿನ ಒಲೆಯೇ ಹಿಂದಿರುಗಿತು. ವಸ್ತುವನ್ನು ಕೊಟ್ಟು ಪಾಲನೆಯನ್ನು ಕೊಡದಿದ್ದರೆ ಆಗುವ ನಷ್ಟಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಆದರೂ ಮುಂದಿನ ಯೋಜನೆಗಳು ಅದನ್ನು ಗಮನಿಸಲಿಲ್ಲ.

ಆ ಯೋಜನೆಗಳ ವಿಷಯವನ್ನು ಈಗ ಹೇಳಬೇಕು. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ಹಿಡಿದು ಇಂದಿರಾ ಆವಾಸ್, ಆಶ್ರಯ ಯೋಜನೆಗಳವರೆಗೆ, ಮನೆಯಿಲ್ಲದವರಿಗೆ ಮನೆ ದೊರೆತದ್ದು ಅತ್ಯಂತ ಪುಣ್ಯದ ಕಾರ್ಯ. ಅದನ್ನು ಯಾರೂ ಅಲ್ಲಗಳೆಯಲಾರರು. ಹಣವು ತಳಪಾಯ, ಗೋಡೆ, ಚಾವಣಿ ಎಂದು ಕಂತುಕಂತಾಗಿ ಬಂದು ಚಾವಣಿಯೊಡನೆ ಮುಗಿಯಿತು. ಕೆರೆಯಂಗಳದ ಮಣ್ಣನ್ನು ತೊಳೆದು ತೆಗೆದ ಫಿಲ್ಟರ್ ಮರಳಿನಿಂದ ಕಟ್ಟಿದ, ಕಂಬಿಯ ಕೆಳಗೆ ಬೇಕಾದಷ್ಟು ಕಾಂಕ್ರೀಟು ಇಲ್ಲದ ಎಷ್ಟೋ ತಾರಸಿಗಳಲ್ಲಿ ಇಪ್ಪತ್ತು ವರ್ಷ ತುಂಬುವ ಮೊದಲೇ ಕಂಬಿ ತುಕ್ಕು ಹಿಡಿದು ಉಬ್ಬಿ ಚಾವಣಿಯ ಪದರ ಉದುರುತ್ತಿದೆ. ತಾರಸಿಯ ಮೇಲಿನ ಕಸವನ್ನು ಗುಡಿಸಿ ನೀರು ನಿಲ್ಲದಂತೆ ಮಾಡುವುದು, ಕೂದಲೆಳೆಯ ಬಿರುಕನ್ನು ಕಂಡಾಗಲೇ ಅಗಲಿಸಿ ತುಂಬುವುದು, ಬೇಸಗೆಗೆ ಮುಂಚೆ ಸುಣ್ಣ ಬಳಿದು ಬಿಸಿಲನ್ನು ಹಿಂದಕ್ಕೆ ಕಳಿಸುವುದು, ಇವಿಷ್ಟನ್ನು ಮಾಡಿದ್ದರೆ ತೊಂದರೆ ಬಹುಪಾಲು ತಪ್ಪುತ್ತಿತ್ತು. ಮಾಳಿಗೆಯನ್ನು ಹತ್ತುತ್ತಿದ್ದವರ ಮಕ್ಕಳು ತಾರಸಿಯನ್ನು ಹತ್ತುವುದಿಲ್ಲ; ಕಾಂಕ್ರೀಟು ಶಾಶ್ವತವೆಂದು ಅವರಿಗೆ ಹೇಳಲಾಗಿದೆ.

ಇಂದಿನ ಮನೆಯ ಪಾಲನೆಯಲ್ಲಿ ಹೊಸ ವಿಷಯಗಳೂ ಸೇರಿವೆ. ಕೊಳವೆಬಾವಿಯ ಗಡಸುನೀರಿನಿಂದ ನಲ್ಲಿಯ ವಾಷರು ಕೆಡುವುದು, ಸೋಲಾರ್ ಹೀಟರಿನ ಕೊಳವೆಯಲ್ಲಿ ಸುಣ್ಣ ಕಟ್ಟುವುದು ಪಾವಗಡದ ಮನೆಮನೆಯ ಅನುಭವ. ಕಲೆಗಟ್ಟಿದ ನಲ್ಲಿಗೆ ಹುಣಿಸೆಹಣ್ಣಿನ ಹುಳಿ ಹಚ್ಚಿ ಬಿಡಿಸುವ ಉಪಾಯವನ್ನು ಗೃಹಿಣಿಯರು ತಾವಾಗಿಯೇ ಕಂಡುಕೊಂಡಿದ್ದಾರೆ. 2018ರಲ್ಲಿ ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿ ಉದ್ಘಾಟನೆಯಾದ ಬೃಹತ್ ಸೌರ ಉದ್ಯಾನದಲ್ಲಿ ಫಲಕಗಳ ಧೂಳನ್ನು ತೊಡೆಯುವುದು ವೇತನವುಳ್ಳ ಉದ್ಯೋಗ. ಪಾಲನೆಗೂ ಬೆಲೆಯುಂಟೆಂದು ಈ ಸೀಮೆಯಲ್ಲಿಯೇ ಹೀಗೆ ಒಪ್ಪಲಾಗಿದೆ. ಆ ಒಪ್ಪಿಗೆ ಇನ್ನೂ ಮನೆಯ ಹೊಸ್ತಿಲನ್ನು ದಾಟಿ ಬಂದಿಲ್ಲ.

ಆಗಬೇಕಾಗಿರುವ ಕೆಲಸ ಬಹಳವಿದೆ. ಐ.ಟಿ.ಐ.ಗಳಲ್ಲಿ ಬಡಗಿ, ಕೊಳಾಯಿ, ವಿದ್ಯುತ್ತು ಎಂಬ ವೃತ್ತಿಗಳನ್ನು ಬೇರೆಬೇರೆಯಾಗಿ ಕಲಿಸುತ್ತಾರೆ. ಒಂದು ಹಳೆಯ ಮನೆಯನ್ನು ಸಮಗ್ರವಾಗಿ ಪರೀಕ್ಷಿಸಿ ಸರಿಪಡಿಸುವುದನ್ನು ಒಂದು ವೃತ್ತಿಯೆಂದು ಕಲಿಸುವುದಿಲ್ಲ. 1988ರಿಂದ ಅಡಿಕೆ ಪತ್ರಿಕೆಯು ರೈತನ ಕೈಗೇ ಲೇಖನಿಯನ್ನು ಕೊಟ್ಟು ಕೃಷಿಯ ಅನುಭವವನ್ನು ಸಾಹಿತ್ಯವಾಗಿಸಿತು. ಮನೆಯನ್ನು ಕಾಯುವವರಿಗೆ ಅಂತಹದೊಂದು ಪತ್ರಿಕೆ ಕನ್ನಡದಲ್ಲಿ ಹುಟ್ಟಿಲ್ಲ. ಮಾಳಿಗೆಗೆ ಒದಗುವ ಚೌಳು ಎಲ್ಲೆಲ್ಲಿ ದೊರೆಯುತ್ತದೆಂಬುದನ್ನು ಬಲ್ಲ ವೃದ್ಧೆಯರು ಪಾವಗಡದ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಇತ್ತ ಕೃಷಿ ಇಲಾಖೆಯ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಕ್ಷಾರತೆಯ ಅಂಕಿ ಹೊಲಹೊಲಕ್ಕೂ ಬರೆದಿದೆ. ಕ್ಷಾರ ಅತಿಯಾದುದನ್ನು ರೈತ ದೋಷವೆಂದು ಓದಿಕೊಳ್ಳುತ್ತಾನೆ, ಮಾಳಿಗೆಯ ಮಣ್ಣನ್ನು ಅರಸುವವನಿಗೆ ಮೊದಲು ನೋಡಬೇಕಾದ ಗುರುತು ಅದೇ. ಆ ಚೀಟಿಗಳನ್ನು ಹಿಡಿದು ಆ ವೃದ್ಧೆಯರ ಜಗಲಿಯ ಮೇಲೆ ಕುಳಿತು, ಅವರು ತೋರಿಸುವ ಗುಂಡಿಗಳನ್ನು ತಾಲ್ಲೂಕಿನ ನಕ್ಷೆಯಲ್ಲಿ ಗುರುತು ಮಾಡುವುದಕ್ಕೆ ಒಬ್ಬ ವಿದ್ಯಾರ್ಥಿಯೂ ಒಂದು ಬೇಸಗೆಯ ರಜೆಯೂ ಸಾಕು.